ಬಾಣಂತಿ ಕೋಣೆಯ ಕೆಂಡ

ಮಲ್ಲೇಶ್ವರದ ನಮ್ಮ ಮೊದಲ ಫ್ಲ್ಯಾಟಿಗೆ ಬಿಸಿಲು ಬರುತ್ತಿರಲಿಲ್ಲ. ನಾವು ಮನೆ ನೋಡಲು ಹೋಗಿದ್ದು ಏಪ್ರಿಲ್ ತಿಂಗಳಲ್ಲಿ. ಹೊರಗೆ ತಲೆ ಸುಡುವ ಬಿಸಿಲು, ಒಳಗೆ ಕಾಲಿಟ್ಟರೆ ಹಿತವಾದ ತಂಪು. ‘ಎಷ್ಟು ತಂಪಾಗಿದೆ ನೋಡಿ’ ಎಂದು ನಮ್ಮವರಿಗೆ ಹೇಳಿ ಆ ಮನೆಗೆ ಒಪ್ಪಿಸಿದ್ದು ನಾನೇ. ಎರಡನೇ ಮಹಡಿ, ಉತ್ತರಕ್ಕೆ ಮುಖ. ಒಂದು ಹಾಲ್, ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ಇರಬೇಕಾದ ಅಡುಗೆಮನೆ. ಪಕ್ಕದ ಕಟ್ಟಡ ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಏಪ್ರಿಲ್‌ನಲ್ಲಿ ಮನೆ ಒಪ್ಪಿಕೊಂಡವರಿಗೆ ಡಿಸೆಂಬರ್ ಏನೆಂದು ತಿಳಿಯುವುದು ಡಿಸೆಂಬರ್ ಬಂದ ಮೇಲೆಯೇ.

ತೊಂಬತ್ತರ ದಶಕದ ನಡುಭಾಗ ಅದು. ಆಗಿನ ಬೆಂಗಳೂರಿನ ಚಳಿಯ ಬಗ್ಗೆ ಹೇಳಿದರೆ ಈಗಿನವರು ನಗುತ್ತಾರೆ, ನಗಲಿ. ಆ ಮನೆಯ ಮೊಸಾಯಿಕ್ ನೆಲದ ಮೇಲೆ ಬೆಳಿಗ್ಗೆ ಬರಿಗಾಲಿನಲ್ಲಿ ನಡೆದವರಿಗೆ ಮಾತ್ರ ನನ್ನ ಮಾತು ಅರ್ಥವಾಗುತ್ತದೆ. ಹಾಸಿಗೆಯಿಂದ ಎದ್ದು ಅಡುಗೆಮನೆ ಸೇರುವಷ್ಟರಲ್ಲಿ ಮಂಡಿಯವರೆಗೆ ಜೋಮು ಹಿಡಿದಿರುತ್ತಿತ್ತು. ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿ ಇಡದೆ ಒಂದು ಹನಿ ಎಣ್ಣೆಯೂ ಹೊರಬರುತ್ತಿರಲಿಲ್ಲ.

ಆ ಚಳಿಗಾಲದಲ್ಲೇ ನಮ್ಮ ಮಗಳು ಹುಟ್ಟಿದಳು. ಡಾಕ್ಟರು ಹೇಳಿದ ದಿನಕ್ಕಿಂತ ಒಂದು ತಿಂಗಳು ಮುಂಚೆ ಬಂದಳು. ತೂಕ ಎರಡು ಕೆಜಿಗೂ ಕಡಿಮೆ. ನರ್ಸಿಂಗ್ ಹೋಮಿನಿಂದ ಕಳಿಸುವಾಗ ಡಾಕ್ಟರಮ್ಮ ನನ್ನ ಮುಖವನ್ನೇ ನೋಡುತ್ತ, ‘ಮದ್ದು ಗಿದ್ದು ಏನೂ ಬೇಡ. ಬೆಚ್ಚಗಿಡಿ, ಹಾಲು ಕೊಡಿ. ತೂಕ ಏರೋವರೆಗೂ ಚಳಿ ತಾಗಬಾರದು. ಇಂಥ ಮಕ್ಕಳಿಗೆ ಚಳಿ ತಾಗಿದ್ರೆ ಹಾಲು ಕುಡಿಯೋದನ್ನೇ ಬಿಟ್ಬಿಡ್ತವೆ’ ಎಂದರು. ಮುಂದಿನದನ್ನು ಅವರು ಹೇಳಲಿಲ್ಲ. ನನಗೆ ಅರ್ಥವಾಗಿತ್ತು. ಆಟೋದಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಆ ಮನೆಯನ್ನು ಒಪ್ಪಿಕೊಂಡ ನನ್ನ ಬುದ್ಧಿಯನ್ನು ಬೈದುಕೊಳ್ಳುತ್ತ ಬಂದೆ.

ಬಾಣಂತನಕ್ಕೆ ನನಗೆ ತವರು ಇರಲಿಲ್ಲ. ನಾನು ಪಿಯುಸಿಯಲ್ಲಿದ್ದಾಗಲೇ ಅಮ್ಮ ತೀರಿಕೊಂಡಿದ್ದರು. ಚಾಮರಾಜಪೇಟೆಯ ಮನೆಯಲ್ಲಿ ಇದ್ದವರು ಅಪ್ಪ ಮತ್ತು ಮದುವೆಯಾಗದ ಅಣ್ಣ. ಹಾಗಾಗಿ ಮತ್ತಿಕೆರೆಯ ಹಿರಿಯ ಮಗನ ಮನೆಯಲ್ಲಿದ್ದ ನಮ್ಮ ಅತ್ತೆ ಒಂದು ಬ್ಯಾಗು, ಒಂದು ಕರಿ ಕಂಬಳಿ ಹಿಡಿದು ನಮ್ಮಲ್ಲಿಗೆ ಬಂದರು. ಕುಣಿಗಲ್ ಕಡೆಯ ಹಳ್ಳಿಯವರು. ಹೊಲ ಗದ್ದೆ ಮಾಡಿಸಿದವರು, ಊರಿನ ಎಷ್ಟೋ ಹೆಣ್ಣುಮಕ್ಕಳ ಬಾಣಂತನ ಮಾಡಿದವರು. ಸುಳ್ಳು ಯಾಕೆ ಹೇಳಲಿ, ಅವರ ಮೇಲೆ ನನಗೆ ಆಗ ಪ್ರೀತಿ ಇರಲಿಲ್ಲ. ನಾನು ಪೇಟೆಯ ಹುಡುಗಿ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅವರು ಹೇಳಿದ್ದಕ್ಕೆಲ್ಲ ನನ್ನ ಬಾಯಲ್ಲಿ ಒಂದು ‘ಆದರೆ’ ಸಿದ್ಧವಾಗಿರುತ್ತಿತ್ತು.

ಅವರು ಬಂದ ದಿನವೇ ಮನೆಯನ್ನು ಒಂದು ಸುತ್ತು ನೋಡಿದರು. ಗೋಡೆ ಮುಟ್ಟಿದರು, ನೆಲ ಮುಟ್ಟಿದರು. ‘ಇದು ಸಿಮೆಂಟಿನ ಗೂಡು ಕಣವ್ವ, ತಾನಾಗಿ ಬೆಚ್ಚಗಾಗಲ್ಲ. ನಾವೇ ಮಾಡ್ಕೋಬೇಕು’ ಎಂದರು. ಮಾಡಿಯೂ ಮಾಡಿದರು. ಮಂಚವನ್ನು ಹೊರಗೋಡೆಯಿಂದ ಎಳೆದು ಒಳಗೋಡೆಯ ಪಕ್ಕಕ್ಕೆ ಹಾಕಿಸಿದರು. ನೆಲಕ್ಕೆ ಗೋಣಿತಾಟು, ಅದರ ಮೇಲೆ ಜಮಖಾನ. ಕಿಟಕಿಗೆ ತಮ್ಮ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಮೇಲಿನ ವೆಂಟಿಲೇಟರಿನಿಂದ ನೆಲದವರೆಗೆ ಇಳಿಬಿಟ್ಟರು. ಬಾಗಿಲ ಸಂದಿಗೆ ಬಟ್ಟೆಯ ಸುರುಳಿ. ಬಾಣಲೆಯಲ್ಲಿ ಉಪ್ಪು ಹುರಿದು ಗಂಟು ಕಟ್ಟಿ ಮಗುವಿನ ಹಾಸಿಗೆಯನ್ನು ಮೊದಲು ಬಿಸಿ ಮಾಡಿ, ಗಂಟು ತೆಗೆದು, ಆಮೇಲೆ ಮಲಗಿಸುತ್ತಿದ್ದರು. ಬೆಳಗಿನ ಎಂಟರಿಂದ ಒಂಬತ್ತೂವರೆಯವರೆಗೆ ತಾರಸಿಯ ನೀರಿನ ಟ್ಯಾಂಕಿನ ಮರೆಯಲ್ಲಿ ಬಿಸಿಲು ಬೀಳುತ್ತದೆ, ಗಾಳಿ ಬೀಸುವುದಿಲ್ಲ ಎಂದು ಎರಡೇ ದಿನಕ್ಕೆ ಕಂಡುಹಿಡಿದರು. ಆ ಕಟ್ಟಡದಲ್ಲಿ ಎಂಟು ತಿಂಗಳಿದ್ದ ನನಗೆ ಅದು ಗೊತ್ತಿರಲಿಲ್ಲ.

ದಿನವೂ ಹನ್ನೊಂದು ಗಂಟೆಯ ಹೊತ್ತಿಗೆ ನನಗೆ ಎಣ್ಣೆನೀರು. ನೀರು ಹಾಕಿ, ತಲೆಗೆ ಬಟ್ಟೆ ಕಟ್ಟಿ, ಕೋಣೆಗೆ ತಂದು ಮಲಗಿಸುತ್ತಿದ್ದರು. ಆಮೇಲೆ ಅಗ್ಗಿಷ್ಟಿಕೆ. ಮಲ್ಲೇಶ್ವರದ ಮಾರ್ಕೆಟ್ಟಿನಿಂದ ಇದ್ದಿಲು ತರಿಸಿ, ಗ್ಯಾಸ್ ಒಲೆಯ ಮೇಲೆ ಕೆಂಪಾಗಿಸಿ, ಮಣ್ಣಿನ ಅಗ್ಗಿಷ್ಟಿಕೆಗೆ ತುಂಬಿ, ಮೇಲೆ ಒಂದು ಚಿಟಿಕೆ ಸಾಂಬ್ರಾಣಿ ಉದುರಿಸಿ ಕೋಣೆಯಲ್ಲಿ ಇಡುತ್ತಿದ್ದರು. ಹಾಗೆ ಇಡುವ ಮುಂಚೆ ಸೀರೆಯ ಪರದೆಯೊಳಗೆ ಕೈ ಹಾಕಿ, ವೆಂಟಿಲೇಟರಿನ ಗಾಜಿನ ಪಟ್ಟಿಗಳು ತೆರೆದಿವೆಯೇ ಎಂದು ಕೋಲಿನಿಂದ ತಟ್ಟಿ ನೋಡುತ್ತಿದ್ದರು. ‘ಹೊಗೆಗೆ ದಾರಿ ಬಿಡ್ಬೇಕು ಕಣವ್ವ. ನಮ್ಮೂರ ಹೆಂಚಿನ ಮನೇಲಿ ಅದು ಹೆಂಗೋ ಹೋಗ್ತಿತ್ತು. ಇಲ್ಲಿ ಇದೊಂದೇ ದಾರಿ’ ಎಂದು ಮೊದಲನೆಯ ದಿನವೇ ಹೇಳಿದ್ದರು.

ನನಗೆ ಆ ದಾರಿಯೇ ಕಣ್ಣಿಗೆ ಚುಚ್ಚುತ್ತಿತ್ತು. ಹೊಗೆ ಹೋಗುವ ದಾರಿಯಲ್ಲೇ ಚಳಿ ಬರುತ್ತಿತ್ತಲ್ಲ. ಮಗುವಿಗೆ ಮೂರು ವಾರವಾದಾಗ ತೂಕ ನೋಡಿಸಲು ಹೋದೆವು. ಏರಿತ್ತು, ಆದರೆ ಡಾಕ್ಟರಮ್ಮ ಬಯಸಿದಷ್ಟು ಏರಿರಲಿಲ್ಲ. ಅದಾದ ಎರಡು ದಿನಕ್ಕೆ ಗಾಳಿ ಎದ್ದಿತು. ಬೆಳಗಿನ ಜಾವ ಮಗುವಿನ ಪಾದ ಮುಟ್ಟಿದರೆ ತಣ್ಣಗಿತ್ತು. ತಲೆಯೆತ್ತಿ ನೋಡಿದರೆ ಪರದೆಯ ಮೇಲ್ಭಾಗ ಗಾಳಿಗೆ ಅಲ್ಲಾಡುತ್ತಿದೆ.

ಬೆಳಿಗ್ಗೆ ಅತ್ತೆ ಸಬ್ಬಸಿಗೆ ಸೊಪ್ಪು ತರಲು ಮಾರ್ಕೆಟ್ಟಿಗೆ ಹೋದರು. ನಮ್ಮವರು ಆಫೀಸಿಗೆ ಹೋಗಿದ್ದರು. ನಾನು ಮೈದಾ ಹಿಟ್ಟಿನ ಅಂಟು ಕಾಯಿಸಿಕೊಂಡೆ. ಬಾಣಂತಿ ಸ್ಟೂಲು ಹತ್ತಬಾರದೆಂದು ಯಾರಾದರೂ ಹೇಳಿದ್ದರೆ ಜಗಳ ತೆಗೆಯುವ ಹುಮ್ಮಸ್ಸಿನಲ್ಲಿದ್ದೆ. ಗಾಜಿನ ಪಟ್ಟಿಗಳ ಮೇಲೆ ಹಳೆಯ ಪೇಪರನ್ನು ಮೂರು ಪದರವಾಗಿ, ಒಂದು ಎಳೆ ಗಾಳಿಯೂ ನುಸುಳದ ಹಾಗೆ ಅಂಟಿಸಿದೆ. ಪರದೆ ಮೊದಲಿನಂತೆ ಎಳೆದೆ. ಅಂಟಿನ ಪಾತ್ರೆ ತೊಳೆದಿಟ್ಟೆ. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಕಿತ್ತುಹಾಕುತ್ತಾರೆ ಎಂಬುದು ಒಂದು ಕಾರಣ. ಸಂಜೆ ಕೋಣೆ ಬೆಚ್ಚಗಿರುವುದು ಗೊತ್ತಾದ ಮೇಲೆ ಹೇಳೋಣ, ಆಗ ಯಾರು ಸರಿ ಎಂಬುದು ತಾನಾಗಿ ತಿಳಿಯುತ್ತದೆ ಎಂಬುದು ಇನ್ನೊಂದು.

ಅಗ್ಗಿಷ್ಟಿಕೆಯ ನೆನಪು ನನಗೆ ಬರಲೇ ಇಲ್ಲ. ಎಂಟನೇ ತರಗತಿಗೆ ವರ್ಷ ವರ್ಷವೂ ದಹನಕ್ರಿಯೆಯ ಪಾಠ ಮಾಡುತ್ತಿದ್ದವಳು ನಾನು. ಗಾಳಿ ಸಾಲದ ಕಡೆ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಕ್ಕೆ ಅಪಾಯ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಆ ಪಾಠ ಸ್ಕೂಲಿನಲ್ಲೇ ಉಳಿದಿತ್ತು.

ಅತ್ತೆ ಬಂದರು. ಎಣ್ಣೆನೀರಾಯಿತು. ಅಂದು ಗಾಳಿ ಜೋರಾಗಿದ್ದರಿಂದ ಎರಡು ಹಿಡಿ ಇದ್ದಿಲು ಹೆಚ್ಚಿಗೇ ಹಾಕಿದರು. ಬೆಳಿಗ್ಗೆಯೇ ವೆಂಟಿಲೇಟರ್ ನೋಡಿದ್ದರಿಂದ ಮತ್ತೆ ತಟ್ಟಿ ನೋಡಲಿಲ್ಲ. ಬಾಗಿಲು ಮುಂದಕ್ಕೆ ಎಳೆದುಕೊಂಡು, ಮಗುವಿನ ಬಟ್ಟೆ ಒಗೆಯಲು ತಾರಸಿಗೆ ಹೋದರು. ನಾನು ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಣ್ಣು ಮುಚ್ಚಿದೆ. ಎಷ್ಟೋ ದಿನಗಳ ಮೇಲೆ ಪಾದ ಬೆಚ್ಚಗಾಗಿತ್ತು. ನನ್ನ ಪೇಪರಿನ ಕೆಲಸ ಫಲ ಕೊಟ್ಟಿತು ಎಂದು ಹೆಮ್ಮೆ ಪಟ್ಟೆ. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ಏಳಬೇಕು ಎಂದುಕೊಂಡೆ. ಕೈಯೇ ಏಳಲಿಲ್ಲ.

ಆಮೇಲೆ ನೆನಪಿರುವುದು ಕೆನ್ನೆಗೆ ತಾಗಿದ ತಣ್ಣನೆಯ ಮೊಸಾಯಿಕ್. ಹಾಲ್‌ನ ನೆಲದ ಮೇಲೆ ಬಿದ್ದಿದ್ದೆ. ಮುಂಬಾಗಿಲು, ಕಿಟಕಿ ಎಲ್ಲ ತೆರೆದಿದ್ದವು. ಅತ್ತೆ ಬಾಗಿಲ ಬಳಿ ಕೂತು ಮಗುವಿನ ಮುಖಕ್ಕೆ ಗಾಳಿ ಊದುತ್ತಿದ್ದರು, ಅಂಗಾಲಿಗೆ ಹೊಡೆಯುತ್ತಿದ್ದರು. ಮಗು ಬಟ್ಟೆಯ ಹಾಗೆ ಅವರ ಕೈಯಲ್ಲಿ ಜೋತುಬಿದ್ದಿತ್ತು. ಎಷ್ಟು ಹೊತ್ತಾಯಿತೋ ತಿಳಿಯದು, ಕೊನೆಗೆ ಮಗು ಸಣ್ಣಗೆ ಅತ್ತಿತು. ಹಾಲು ಕೇಳುವ ಹೊತ್ತಾದರೂ ಮಗುವಿನ ಅಳು ಕೇಳಿಸಲಿಲ್ಲವೆಂದು ಅವರು ಬಟ್ಟೆಯನ್ನು ನೀರಿನಲ್ಲೇ ಬಿಟ್ಟು ಇಳಿದು ಬಂದಿದ್ದರಂತೆ.

ಎದುರು ಮನೆಯವರು ಆಟೋ ತರಿಸಿ ನನ್ನನ್ನೂ ಮಗುವನ್ನೂ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅತ್ತೆ ಮನೆಯಲ್ಲೇ ಉಳಿದರು. ಸಂಜೆಯವರೆಗೆ ಇಬ್ಬರಿಗೂ ಆಕ್ಸಿಜನ್ ಕೊಟ್ಟರು. ‘ಇನ್ನೊಂದು ಹತ್ತು ನಿಮಿಷ ಆಗಿದ್ರೆ ನಾನು ಏನೂ ಹೇಳಕ್ಕಾಗ್ತಿರಲಿಲ್ಲ’ ಎಂದರು ಡಾಕ್ಟರಮ್ಮ. ಆಫೀಸಿನಿಂದ ಓಡಿಬಂದಿದ್ದ ನಮ್ಮವರು, ‘ಏನಾಯ್ತು?’ ಎಂದು ಕೇಳಿದರು. ‘ಅತ್ತೆ ಕೋಣೇಲಿ ಕೆಂಡ ಇಟ್ಟು ಬಾಗಿಲು ಹಾಕ್ಕೊಂಡು ಹೋದ್ರು’ ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಂಥ ಮಾತು ಆಡುವುದರಲ್ಲಿ ನನಗೆ ಅಷ್ಟು ಜಾಣತನವಿದೆಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಕೋಣೆಗೆ ಹೋದೆ. ಪರದೆ ಸರಿಸಿ ನೋಡಿದೆ. ವೆಂಟಿಲೇಟರಿನ ಮೇಲೆ ಒಂದು ಚೂರು ಪೇಪರೂ ಇರಲಿಲ್ಲ. ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಟಿನ ಗುರುತೂ ಉಳಿಯದಂತೆ ಮಾಡಲಾಗಿತ್ತು. ಅರವತ್ತು ದಾಟಿದ ಹೆಂಗಸು ಸ್ಟೂಲು ಹತ್ತಿ, ಮಗ ಮನೆಗೆ ಬರುವ ಮುಂಚೆ ಅದನ್ನೆಲ್ಲ ಕೆರೆದು ತೆಗೆದಿದ್ದರು.

ಹಾಲ್‌ನಲ್ಲಿ ನಮ್ಮವರ ದನಿ ಏರಿತು. ‘ಯಾವ ಕಾಲದಲ್ಲಿದ್ದೀಯವ್ವಾ ನೀನು? ಮುಚ್ಚಿದ ರೂಮಲ್ಲಿ ಯಾರಾದ್ರೂ ಇದ್ದಿಲು ಹಾಕ್ತಾರಾ? ಎರಡು ಜೀವ ಹೋಗ್ತಿತ್ತು.’

‘ಗೊತ್ತಾಗ್ಲಿಲ್ಲ ಕಣಪ್ಪ’ ಎಂದರು ಅತ್ತೆ. ಅಷ್ಟೇ.

ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಈಗ ಹೇಳಬೇಕು ಎಂದುಕೊಂಡೆ. ನಮ್ಮವರ ಮುಖ ನೋಡಿ ಹೆದರಿದೆ. ನಾಳೆ ಹೇಳೋಣ, ಕೋಪ ಇಳಿಯಲಿ ಎಂದುಕೊಂಡೆ. ನಾಳೆಗೆ ಕಾಯಲು ನಮ್ಮವರು ಸಿದ್ಧರಿರಲಿಲ್ಲ. ‘ಬೆಳಿಗ್ಗೆ ಅಣ್ಣನ ಮನೆಗೆ ಬಿಟ್ಟು ಬರ್ತೀನಿ. ನಾನೇ ರಜಾ ಹಾಕಿ ನೋಡ್ಕೋತೀನಿ’ ಎಂದುಬಿಟ್ಟರು.

ಬೆಳಿಗ್ಗೆ ಅತ್ತೆ ಬ್ಯಾಗು ಕಟ್ಟಿಕೊಂಡರು. ಕಂಬಳಿಯನ್ನು ನಮ್ಮಲ್ಲೇ ಬಿಟ್ಟರು. ಮಗುವನ್ನು ಬೊಂತೆಯಲ್ಲಿ ಸುತ್ತುವುದು ಹೇಗೆ, ಉಪ್ಪಿನ ಗಂಟಿನ ಬಿಸಿಯನ್ನು ಮೊದಲು ನನ್ನ ಮುಂಗೈಗೆ ಮುಟ್ಟಿಸಿ ನೋಡುವುದು ಹೇಗೆ ಎಂದು ಎರಡು ಸಲ ತೋರಿಸಿಕೊಟ್ಟರು. ಮಗುವಿನ ನೆತ್ತಿ ಮೂಸಿದರು. ನನಗೆ, ‘ಬರ್ತೀನಿ ಕಣವ್ವ’ ಎಂದರು. ‘ಹುಷಾರು ಅತ್ತೆ’ ಎಂದೆ. ಅಷ್ಟು ಮಾತ್ರ ಬಾಯಿಂದ ಬಂದಿತು. ಬಾಗಿಲು ಹಾಕಿಕೊಂಡ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಬಾಗಿಲು ತೆಗೆಯಲಿಲ್ಲ.

ನಮ್ಮವರು ಕಾಯಿಲ್ ಹೀಟರ್ ತಂದರು. ಹಗಲು ಹೊತ್ತು ಕರೆಂಟೇ ಇರುತ್ತಿರಲಿಲ್ಲ. ಇದ್ದಾಗ ಹೀಟರ್ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಉಪ್ಪಿನ ಗಂಟು ನಮ್ಮ ಕೈಯಲ್ಲಿ ಒಂದೋ ಸುಡುತ್ತಿತ್ತು, ಇಲ್ಲವೇ ಆರಿಹೋಗಿರುತ್ತಿತ್ತು. ಎರಡು ಸ್ವೆಟರ್, ಮೂರು ರಗ್ಗು, ಕೆಳಗೆ ಕಂಬಳಿ ಹಾಕಿದರೂ ಮಗುವಿನ ಪಾದ ತಣ್ಣಗೆ. ನಾಲ್ಕನೆಯ ದಿನ ಮಗು ಹಾಲು ಎಳೆಯುತ್ತ ಎಳೆಯುತ್ತ ನಡುವೆ ನಿದ್ದೆ ಹೋಗತೊಡಗಿತು. ತೂಕ ನೋಡಿಸಿದೆವು, ಇಳಿದಿತ್ತು. ಡಾಕ್ಟರಮ್ಮ ಚೀಟಿಯಿಂದ ತಲೆಯೆತ್ತಿ, ‘ಮೂರು ವಾರ ನಿಧಾನಕ್ಕಾದ್ರೂ ಏರ್ತಿತ್ತಲ್ಲ, ಆಗ ಯಾರು ನೋಡ್ಕೋತಿದ್ರು?’ ಎಂದು ಕೇಳಿದರು.

‘ನಮ್ಮ ಅತ್ತೆ.’

‘ಅವರನ್ನ ಕರೆಸಿ. ಕೆಂಡ ಒಂದು ಬೇಡ ಅನ್ನಿ, ಮಿಕ್ಕಿದ್ದೆಲ್ಲ ಅವರು ಹೇಳ್ದಂಗೇ ಮಾಡಿ.’

ಹೊರಗಿನ ಬೆಂಚಿನ ಮೇಲೆ ಕೂತು ನಮ್ಮವರಿಗೆ ಎಲ್ಲ ಹೇಳಿದೆ. ಮೈದಾ ಅಂಟು, ಮೂರು ಪದರ ಪೇಪರು, ಅತ್ತೆ ಅದನ್ನು ಕೆರೆದು ತೆಗೆದಿದ್ದು, ನಾನು ನೋಡಿದ್ದು, ನೋಡಿಯೂ ಸುಮ್ಮನಿದ್ದಿದ್ದು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ನನ್ನನ್ನು ಮನೆಗೆ ಬಿಟ್ಟು, ಮೆಟ್ಟಿಲನ್ನೂ ಹತ್ತದೆ ಅದೇ ಆಟೋದಲ್ಲಿ ಮತ್ತಿಕೆರೆಗೆ ಹೋದರು. ಸಂಜೆ ಒಬ್ಬರೇ ವಾಪಸ್ ಬಂದರು. ‘ಬೆಳಿಗ್ಗೆ ಬರ್ತಾಳಂತೆ’ ಎಂದು ಒಳಗೆ ಹೋಗಿ ಮುಖ ತೊಳೆದುಕೊಂಡರು.

ಬೆಳಿಗ್ಗೆ ಆರೂವರೆಗೆ ಅತ್ತೆ ಬಾಗಿಲಲ್ಲಿದ್ದರು. ಕೈಯಲ್ಲಿ ಬ್ಯಾಗಿರಲಿಲ್ಲ. ನಾನು, ‘ಅತ್ತೆ, ಅವತ್ತು...’ ಎಂದು ಶುರುಮಾಡಿದೆ. ‘ನೀರು ಕಾದಿದ್ಯಾ?’ ಎಂದು ಕೇಳಿ ಒಳಗೆ ಹೋದರು. ಬಿಸಿನೀರಿನಲ್ಲಿ ಕೈ ಅದ್ದಿ, ಒರೆಸಿಕೊಂಡು, ಮಗುವಿಗೆ ಹಾಕಿದ್ದ ಸ್ವೆಟರ್‌ಗಳನ್ನೆಲ್ಲ ಬಿಚ್ಚಿದರು. ಬರಿಮೈಯ ಮಗುವನ್ನು ತಮ್ಮ ಕುಪ್ಪಸದೊಳಗೆ ಎದೆಗೆ ಒತ್ತಿಕೊಂಡು, ಮೇಲೆ ಸೆರಗು, ಅದರ ಮೇಲೆ ಕಂಬಳಿ ಹೊದ್ದು ಕೂತು, ಎಂಟಕ್ಕೆ ಬಿಸಿಲು ಬೀಳುವ ಹೊತ್ತಿಗೆ ತಾರಸಿಗೆ ಹೋಗಿ ಟ್ಯಾಂಕಿನ ಮರೆಯಲ್ಲಿ ಕೂತರು. ಒಂಬತ್ತೂವರೆಗೆ ಇಳಿದು ಬಂದಾಗ ನನ್ನ ಮಗಳ ಪಾದ ಬೆಚ್ಚಗಿತ್ತು. ಅದನ್ನು ಕೈಯಲ್ಲಿ ಹಿಡಿದು ಅಳುತ್ತ ಕೂತೆ. ‘ಹಾಲು ಕೊಡು, ಈಗ ಎಳೀತಾಳೆ’ ಎಂದರು ಅತ್ತೆ. ಎಳೆದಳು.

ಮೂರು ತಿಂಗಳು ಹೀಗೇ ನಡೆಯಿತು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುವುದು, ಸಂಜೆ ನಮ್ಮವರು ಮನೆಗೆ ಬರುತ್ತಿದ್ದ ಹಾಗೇ ಹೊರಡುವುದು. ಒಂದು ಕೆಲಸವನ್ನೂ ಅರ್ಧಕ್ಕೆ ಬಿಡಲಿಲ್ಲ, ಒಂದು ಬಿರುಸಿನ ಮಾತೂ ಆಡಲಿಲ್ಲ. ಆದರೆ ರಾತ್ರಿ ಉಳಿಯಲಿಲ್ಲ. ‘ಇಲ್ಲೇ ಇದ್ದುಬಿಡಿ’ ಎಂದರೆ, ‘ಅಲ್ಲಿ ನನ್ನ ಹಾಸಿಗೆ ಐತಲ್ಲ’ ಎನ್ನುತ್ತಿದ್ದರು. ಮಗ ಕಾಲು ಹಿಡಿದು ಕೇಳಿಕೊಂಡದ್ದೂ ಆಯಿತು. ‘ಆಯ್ತು ಏಳಪ್ಪ, ನಂಗೇನು ಕೋಪ ಇಲ್ಲ’ ಎಂದು ತಲೆ ಸವರಿ, ಚಪ್ಪಲಿ ಮೆಟ್ಟಿದರು.

ಮಗಳು ಬೆಳೆದಳು. ಆಮೇಲಿನ ವರ್ಷಗಳಲ್ಲೂ ಅತ್ತೆ ಹಬ್ಬಕ್ಕೆ ಬರುತ್ತಿದ್ದರು, ಮಗಳಿಗೆ ಜ್ವರ ಬಂದರೆ ಬರುತ್ತಿದ್ದರು, ನನಗೆ ಸ್ಕೂಲಿನ ಪರೀಕ್ಷೆಯ ಕೆಲಸ ಹೆಚ್ಚಾದರೆ ಕರೆಯದೆಯೂ ಬರುತ್ತಿದ್ದರು. ಊಟ ಮಾಡುತ್ತಿದ್ದರು, ಮಧ್ಯಾಹ್ನ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಎದ್ದುಬಿಡುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ವರ್ಷಗಳಲ್ಲಿ. ಅದನ್ನು ಅವರಿಗೆ ತೋರಿಸುವ ಹಕ್ಕು ಮಾತ್ರ ಕಳೆದುಕೊಂಡಿದ್ದೇನೆ ಎನ್ನಿಸುತ್ತಿತ್ತು.

ಎರಡು ಸಾವಿರನೇ ಇಸವಿ ದಾಟಿತ್ತು, ನಾವು ಇನ್ನೂ ಅದೇ ಮನೆಯಲ್ಲಿದ್ದೆವು. ಒಂದು ಡಿಸೆಂಬರ್‌ನಲ್ಲಿ ಮಳೆ ಹಿಡಿದು, ಚಳಿಯೂ ಸೇರಿಕೊಂಡಿತು. ಅತ್ತೆಗೆ ಎಪ್ಪತ್ತಾಗಿತ್ತು, ಮಂಡಿನೋವು ಬೇರೆ. ನಮ್ಮವರು ಆಫೀಸಿನ ಕೆಲಸಕ್ಕೆ ಮೈಸೂರಿಗೆ ಹೋಗಿದ್ದರು. ಸಂಜೆ ಅತ್ತೆ ಎಂದಿನಂತೆ ಹೊರಟು ನಿಂತರು. ಆಗ ನನ್ನ ಮಗಳು ಮೂರನೇ ಕ್ಲಾಸು. ಅವರ ಸೆರಗು ಹಿಡಿದುಕೊಂಡು, ‘ಎಲ್ಲರ ಅಜ್ಜೀನೂ ಮನೇಲಿ ಮಲಗ್ತಾರೆ. ನೀನ್ಯಾಕೆ ನಮ್ಮನೇಲಿ ಒಂದಿನಾನೂ ಮಲಗಲ್ಲ ಅಜ್ಜಿ?’ ಎಂದು ಕೇಳಿದಳು.

‘ನಿಮ್ಮನೆ ಚಳಿ ನಂಗಾಗಲ್ಲ ಕಣೆ ಮಗ’ ಎಂದರು ಅತ್ತೆ. ನನ್ನ ಪರವಾಗಿ ಅವರು ಸುಳ್ಳು ಹೇಳಿದ್ದು ಇದು ಎರಡನೆಯ ಸಲ.

‘ಚಳಿ ಅಲ್ಲ’ ಎಂದೆ ನಾನು. ಮಗಳನ್ನು ಕೂರಿಸಿಕೊಂಡು, ಅತ್ತೆಯ ಎದುರಿಗೇ ಎಲ್ಲ ಹೇಳಿದೆ. ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿದೆ. ನೀನು ಉಸಿರಾಡುತ್ತಿರಲಿಲ್ಲ, ತಪ್ಪು ಅಮ್ಮನದು, ಬೈಸಿಕೊಂಡದ್ದು ಅಜ್ಜಿ, ಅಜ್ಜಿಯನ್ನು ಈ ಮನೆಯಿಂದ ಕಳಿಸುವಾಗಲೂ ಅಮ್ಮ ಬಾಯಿ ಬಿಡಲಿಲ್ಲ ಎಂದೆ. ಮಗಳು ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡಿದಳು. ಅತ್ತೆ ನಡುವೆ ತಡೆಯಲಿಲ್ಲ. ಮುಗಿಯುವವರೆಗೂ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿದರು.

‘ಕೆಂಡ ಇಟ್ಟೋಳು ನಾನೇ ಕಣವ್ವ. ಆವತ್ತು ಇನ್ನೊಂದ್ಸಲ ತಟ್ಟಿ ನೋಡ್ಬೇಕಿತ್ತು. ಅದ್ರಲ್ಲಿ ನಿಂದೊಂದರ್ಧ, ನಂದೊಂದರ್ಧ’ ಎಂದರು. ಚಪ್ಪಲಿ ಮೆಟ್ಟುತ್ತ ಮುಂದುವರಿಸಿದರು: ‘ಮಾರನೇ ದಿನ ಮೆಟ್ಲು ನಿಧಾನಕ್ಕೆ ಇಳ್ದೆ. ಕರೀತೀಯೇನೋ ಅಂತ.’

ಅವರು ಕೊಡೆ ತೆಗೆದುಕೊಂಡರು. ಮಗಳು ಓಡಿಹೋಗಿ ಅವರ ಕೈ ಹಿಡಿದಳು. ಮೂವರೂ ಒಟ್ಟಿಗೆ ಕೆಳಗಿಳಿದು ಬಸ್ ಸ್ಟಾಪಿಗೆ ಹೋದೆವು. ‘ಈ ಮಳೇಲಿ ಬೇಡ ಅತ್ತೆ, ಇವತ್ತೊಂದಿನ ಇರಿ’ ಎಂದು ದಾರಿಯುದ್ದಕ್ಕೂ ಕೇಳಿದೆ. ಮತ್ತಿಕೆರೆಯ ಬಸ್ಸು ಬಂತು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ನಾನು, ‘ಅತ್ತೆ’ ಎಂದು ಕರೆದೆ. ಮೇಲೆ ನಿಂತು ತಿರುಗಿ ನೋಡಿದರು. ಕಂಡಕ್ಟರ್ ಸೀಟಿ ಊದಿದ. ಅವರು ಒಳಗೆ ಹೋಗಿ ಕೂತರು.